ಸೆಕೆಂಡ್ ಹ್ಯಾಂಡ್ ಭತ್ತದ ಕಟಾವು ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದು 28 ಎಕರೆ ಕಾಲುವೆ ನೀರಿನ ಭತ್ತದ ಗದ್ದೆ. ಕೊಯ್ಲಿನ ಹೊತ್ತಿಗೆ ಬಾಡಿಗೆ ಗಾಡಿ ಸಿಗದೆ ಪ್ರತಿ ಸಲ ಒದ್ದಾಟ. ಪಂಜಾಬಿನಿಂದ ಬಂದ 14 ಅಡಿಯ ಹಳೆ ಟೈರ್ ಗಾಡಿಯೊಂದು, ಪಕ್ಕದೂರಲ್ಲಿ ರಬ್ಬರ್ ಪಟ್ಟಾದ ಮೇಲೆ ಓಡುವ ಚೈನ್ ಗಾಡಿಯೊಂದು ಮಾರಾಟಕ್ಕಿವೆ. ಯಾವುದು ಒಳ್ಳೆಯದು? ಏನೇನು ನೋಡಿ ಕೊಳ್ಳಬೇಕು?

ಉತ್ತರ: ಮೊದಲು ಲೆಕ್ಕ ಹಾಕಿ. 14 ಅಡಿ ಎಂದರೆ ಒಂದು ಸಲಕ್ಕೆ ಕೊಯ್ಯುವ ಸುಮಾರು 4.2 ಮೀಟರ್ ಅಗಲದ ಪಟ್ಟಿ. ಗಂಟೆಗೆ 3 ಕಿ.ಮೀ. ನಡೆದರೆ ಲೆಕ್ಕಕ್ಕೆ 3 ಎಕರೆ. ತಿರುವು, ಕಾಳಿನ ಟ್ಯಾಂಕ್ ಖಾಲಿ ಮಾಡುವುದು, ಬದು ದಾಟುವುದು ಕಳೆದರೆ ಕೈಗೆ ಬರುವುದು 2 ಎಕರೆ. ನಿಮ್ಮ ಹೊಲ 14 ಗಂಟೆಯ ಕೆಲಸ. ಎರಡು ಬೆಳೆ ತೆಗೆದರೂ ವರ್ಷಕ್ಕೆ 28 ಗಂಟೆ. ಉಳಿದ ದಿನವೆಲ್ಲ ಇಲಿಗಳು ಅದರ ವೈರು ಕಡಿಯುತ್ತ ಕೂರುತ್ತವೆ. ಬಾಡಿಗೆಗೆ ಓಡಿಸಲು ನುರಿತ ಚಾಲಕನಿದ್ದರೆ ಅಥವಾ ನಾಲ್ಕೈದು ಮನೆಯವರು ಸೇರಿದರೆ ಮಾತ್ರ ಮುಂದುವರಿಯಿರಿ.

ಟೈರೋ ಚೈನೋ ಎಂಬುದನ್ನು ನಿಮ್ಮ ಮಣ್ಣು ಹೇಳಬೇಕು. ಟೈರ್ ಗಾಡಿ 8 ಟನ್ ಆಸುಪಾಸು ತೂಗುತ್ತದೆ. ಕೊಯ್ಲಿಗೆ 10–12 ದಿನ ಮುಂಚೆ ನೀರು ಬಸಿಯುವ ಗದ್ದೆಯಲ್ಲಿ, ಬೇಸಿಗೆ ಬೆಳೆಯಲ್ಲಿ ಅದೇ ಲಾಭ. ನವೆಂಬರ್ ಮಳೆಗೆ ಎರೆಮಣ್ಣು ನೆನೆದರೆ ಮಾತ್ರ ಹೂತುಕೊಂಡು ನಿಲ್ಲುತ್ತದೆ, ಚಕ್ರದ ಗುಂಡಿಗಳು ಮುಂದಿನ ನಾಟಿಗೂ ಕಾಡುತ್ತವೆ. ಚೈನ್ ಗಾಡಿ ಅಲ್ಲಿ ಸಲೀಸು. ಆದರೆ ಅದನ್ನು ಡಾಂಬರು ರಸ್ತೆಯಲ್ಲಿ ಓಡಿಸಿದರೆ ರಬ್ಬರ್ ಪಟ್ಟಾ ಸವೆಯುತ್ತದೆ, ಊರೂರಿಗೆ ಲಾರಿಯಲ್ಲೇ ಸಾಗಿಸಬೇಕು. ಬಾಡಿಗೆಯ ಲೆಕ್ಕದಲ್ಲಿ ಆ ಖರ್ಚನ್ನು ಮರೆಯುವವರೇ ಹೆಚ್ಚು.

ಈಗ ಪರೀಕ್ಷೆ. ಮಾರುವವರು ಎಂಜಿನ್ ಶಬ್ದ ಕೇಳಿಸುತ್ತಾರೆ, ಹೊಸ ಬಣ್ಣ ತೋರಿಸುತ್ತಾರೆ. ನೀವು ಕಾಳು ಹೋಗುವ ದಾರಿ ಹಿಡಿದು ನಡೆಯಿರಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುವುದರಿಂದ ಅದು ಉಕ್ಕಿಗೆ ಉಪ್ಪುಕಾಗದವಿದ್ದಂತೆ. ಎಂಜಿನ್ ಗಟ್ಟಿಯಿದ್ದರೂ ಒಳಗಿನ ತಗಡು ಕಾಗದದಂತಾಗಿರುತ್ತದೆ.

ಎಂಜಿನ್ ಆಫ್ ಮಾಡಿಸಿ, ಕೀಲಿ ನಿಮ್ಮ ಜೇಬಿಗೆ ಹಾಕಿಕೊಂಡು ಶುರು ಮಾಡಿ. ಕಟ್ಟರ್ ಬಾರಿನ ಬ್ಲೇಡು ಫಿಂಗರಿಗೆ (ಬ್ಲೇಡು ಆಡುವ ಸ್ಥಿರ ಹಲ್ಲಿಗೆ) ಒತ್ತಿಕೊಂಡು ಕೂತಿರಬೇಕು. ಮಧ್ಯೆ ಸಂದು ಬಿಟ್ಟಿದ್ದರೆ ಹುಲ್ಲು ಕತ್ತರಿಸುವ ಬದಲು ಮಡಚಿ ಎಳೆಯುತ್ತದೆ. ಕೊಯ್ದ ಬೆಳೆಯನ್ನು ಒಳಗೆಳೆಯುವ ಫೀಡರ್ ಚೈನಿನ ಪಟ್ಟಿಗಳು ಬಾಗಿವೆಯೇ ನೋಡಿ. ತೆನೆ ಬಡಿದು ಕಾಳು ಬಿಡಿಸುವ ಡ್ರಮ್ಮಿನ ಬಾಗಿಲು ತೆಗೆಸಿ: ಭತ್ತದ ಡ್ರಮ್ಮಿಗೆ ಹಲ್ಲುಗಳಿರುತ್ತವೆ, ಗೋಧಿಗೆ ಗೀರುಪಟ್ಟಿಗಳು. ಗೋಧಿ ಮುಗಿಸಿ ಬಂದ ಗಾಡಿಯಾದರೆ ಭತ್ತದ ಡ್ರಮ್, ಅದರ ಕೆಳಗಿನ ಕಾನ್ಕೇವ್ ಜಾಲರಿ ಜತೆಗೆ ಕೊಡುತ್ತಾರೋ ಕೇಳಿ. ಹಲ್ಲಿನ ಮುಂಭಾಗ ದುಂಡಗಾಗಿದ್ದರೆ ಬದಲಿಸಬೇಕು. ಅದನ್ನೂ ಎದುರುಬದುರಾಗಿ, ಒಂದೇ ತೂಕದ ಜೋಡಿಗಳಲ್ಲಿ ಬದಲಿಸಬೇಕು. ಇಲ್ಲದಿದ್ದರೆ ಡ್ರಮ್ ತೂಗಾಡಿ ಬೇರಿಂಗ್ ತಿನ್ನುತ್ತದೆ. ಬೆಲ್ಟ್ ಸಡಿಲಿಸಿ ಶಾಫ್ಟಿನ ಕೆಳಗೆ ಹಾರೆ ಕೊಟ್ಟು ಎತ್ತಿ: ಅಲುಗಿದರೆ ಬೇರಿಂಗ್ ಹೋಗಿದೆ. ಕಾಳು ಸಾಗಿಸುವ ಸ್ಕ್ರೂವಿನ ಅಂಚು ಬೆರಳಿಗೆ ಚಾಕುವಿನಂತೆ ಹರಿತವಾಗಿ ತಾಕಿದರೆ ಅದರ ಆಯಸ್ಸು ಮುಗಿದಿದೆ. ಕತ್ತಲಾದ ಮೇಲೆ ಕಾಳನ್ನು ಟ್ಯಾಂಕಿಗೆ ಎತ್ತುವ ಎಲಿವೇಟರ್ ಒಳಗೆ ಟಾರ್ಚ್ ಬಿಟ್ಟು ಹೊರಗೆ ನಿಂತು ನೋಡಿ. ಬೆಳಕು ಸೋರುವ ಕಡೆಯಲ್ಲೆಲ್ಲ ನಿಮ್ಮ ಭತ್ತವೂ ಸೋರುತ್ತದೆ.

ಆಮೇಲೆ ಹೊಲದಲ್ಲಿ ಓಡಿಸಲೇಬೇಕು. ಹೊಲ ತೋರಿಸದವರ ಗಾಡಿ ಬೇಡ. ಅರ್ಧ ಗಂಟೆ ಕೊಯ್ದ ಮೇಲೆ ಗಾಡಿಯ ಹಿಂದೆ, ಸುರಕ್ಷಿತ ದೂರದಲ್ಲಿ, ಇಬ್ಬರು ತಾಡಪಾಲು ಹಿಡಿದು 10 ಮೀಟರ್ ನಡೆಯಲಿ. 4.2 ಮೀಟರ್ ಅಗಲದ ಗಾಡಿ ಅಷ್ಟರಲ್ಲಿ 42 ಚದರ ಮೀಟರ್, ಎಂದರೆ ಎಕರೆಯ ನೂರರಲ್ಲೊಂದು ಪಾಲು ಕೊಯ್ದಿರುತ್ತದೆ. ಹುಲ್ಲು ಕೊಡವಿ ಗಟ್ಟಿ ಕಾಳು ತೂಗಿ: 100 ಗ್ರಾಂ ಇದ್ದರೆ ಎಕರೆಗೆ ಸುಮಾರು 10 ಕೆಜಿ ನಷ್ಟ. ಎಕರೆಗೆ 30 ಕ್ವಿಂಟಲ್ ಬೆಳೆಯಲ್ಲಿ 600 ಗ್ರಾಂ ಸಿಕ್ಕರೆ ಶೇ. 2 ಹೋಯಿತು, ಅದಕ್ಕೂ ಮೀರಿದರೆ ಎಲ್ಲಿ ತಪ್ಪಿದೆ ಹುಡುಕಿ. ತೆನೆಯಲ್ಲೇ ಕಾಳು ಉಳಿದಿದ್ದರೆ ಡ್ರಮ್ಮೋ ಜಾಲರಿಯೋ ಸವೆದಿದೆ. ಬಿಡಿ ಕಾಳು ಹುಲ್ಲಿನೊಳಗೆ ಸಿಕ್ಕಿದ್ದರೆ ಹುಲ್ಲು ಅಲುಗಾಡಿಸಿ ಕಾಳು ಉದುರಿಸುವ ಸ್ಟ್ರಾ ವಾಕರ್ ದೋಷ, ಇಲ್ಲವೇ ಚಾಲಕ ಅತಿ ವೇಗದಲ್ಲಿ ನುಗ್ಗಿಸಿದ್ದಾನೆ. ಜೊಳ್ಳಿನ ಜತೆ ಗಟ್ಟಿ ಕಾಳು ಹಾರಿದ್ದರೆ ಫ್ಯಾನಿನ ಗಾಳಿ ಹೆಚ್ಚು. ಅದು ಸರಿಪಡಿಸಬಹುದಾದದ್ದು, ಚೌಕಾಶಿಗೆ ಬಳಸಿಕೊಳ್ಳಿ. ಗಾಡಿ ನಿಲ್ಲಿಸಿ ಎಲ್ಲ ಬೇರಿಂಗ್ ಮನೆಗಳನ್ನು ಹುಷಾರಾಗಿ ಮುಟ್ಟಿ ನೋಡಿ: ಅಂಗೈ ಇಡಲಾಗದಷ್ಟು ಬಿಸಿಯಾದದ್ದನ್ನು ಬರೆದುಕೊಳ್ಳಿ.

ಎಂಜಿನ್ನಿಗೆ ಒಂದು ಮಾತು. ಹೇಳದೆ ಬೆಳಿಗ್ಗೆ ಹೋಗಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರಿನಿಂದ ಒಂದೇ ಸಮನೆ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಪಂಜಾಬಿನ ನಾಭಾ, ಭಾದಸೋಂ ಕಡೆ ತಯಾರಾದ ಗಾಡಿಗಳಲ್ಲಿ ಅಶೋಕ್ ಲೇಲ್ಯಾಂಡ್ ಎಂಜಿನ್ ಸಾಮಾನ್ಯ. ಲಾರಿ ಮೇಸ್ತ್ರಿಗಳಿಗೆ ಪರಿಚಯದ ಕಬ್ಬಿಣ, ಬಿಡಿಭಾಗಕ್ಕೆ ಪಂಜಾಬಿಗೆ ಬರೆಯಬೇಕಿಲ್ಲ. ಚೈನ್ ಗಾಡಿಯಲ್ಲಿ ಹೈಡ್ರೋಸ್ಟಾಟಿಕ್ ಪಂಪಿದ್ದರೆ (ಎಣ್ಣೆಯ ಒತ್ತಡದಿಂದ ಗಾಡಿ ನಡೆಸುವಂಥದ್ದು) ಒಂದು ಗಂಟೆ ಓಡಿಸಿ, ಎಣ್ಣೆ ಬಿಸಿಯಾದ ಮೇಲೆ ಬದು ಹತ್ತಿಸಿ. ಆಗ ಸೋತರೆ ಆ ಗಾಡಿ ಬಿಡಿ, ಪಂಪ್ ದುಬಾರಿ. ಪಟ್ಟಾದ ಬಿರುಕಿನಲ್ಲಿ ಉಕ್ಕಿನ ತಂತಿ ಕಂಡರೆ ಎರಡೂ ಬದಿಯ ಪಟ್ಟಾಗಳ ಬೆಲೆ ಕಳೆದು ಮಾತಾಡಿ.

ಪ್ರಶ್ನೆ: ಸಿಂಧನೂರಿನಲ್ಲಿ ನೋಡಿದ ಗಾಡಿಯ ಮೀಟರ್ 1,100 ಗಂಟೆ ತೋರಿಸುತ್ತಿದೆ. ನಂಬಬಹುದೇ?

ಉತ್ತರ: ಮೀಟರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಬ್ರೇಕ್ ಪೆಡಲಿನ ರಬ್ಬರ್, ಹತ್ತುವ ಮೆಟ್ಟಿಲಿನ ಅಂಚು, ಟ್ಯಾಂಕಿನ ತಳದ ಬಣ್ಣ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: 2317 ಎಂದರೆ 2017ರ 23ನೇ ವಾರದ ತಯಾರಿ. ಗಾಡಿ 2017ರದ್ದಾಗಿ, ಮುಂದಿನ ಟೈರ್‌ಗಳು 2022ರವಾಗಿದ್ದರೆ ಮೊದಲ ಜೋಡಿ ಸವೆದುಹೋಗಿದೆ ಎಂದಾಯಿತು. ಅಷ್ಟು ಓಡಿದ ಗಾಡಿಗೆ 1,100 ಗಂಟೆ ಹೊಂದುತ್ತದೆಯೇ, ಕೇಳಿ ನೋಡಿ.

ಪ್ರಶ್ನೆ: ಗದಗ ಕಡೆ ನಮ್ಮದು ಕಡಲೆ. ಭತ್ತದ ಹಳೆ ಗಾಡಿಯಲ್ಲೇ ಕಡಲೆ ಕೊಯ್ಯಬಹುದೇ?

ಉತ್ತರ: ಗಾಡಿಗಿಂತ ತಳಿ ಮುಖ್ಯ. ಜೆಜಿ-11 ಗಿಡ್ಡ, ಹರಡಿಕೊಳ್ಳುತ್ತದೆ. ಕೆಳಗಿನ ಕಾಯಿಗೆ ಬ್ಲೇಡ್ ಇಳಿಸಿದರೆ ಹೆಂಟೆ ಒಳಗೆ ಹೋಗುತ್ತದೆ. ರಾಯಚೂರು ಕೃಷಿ ವಿ.ವಿ.ಯ ಜಿಬಿಎಂ-2 ಅಥವಾ ನಂದ್ಯಾಲದ ಎನ್‌ಬಿಇಜಿ-47 ನೆಟ್ಟಗೆ, ಎತ್ತರಕ್ಕೆ ಬೆಳೆಯುತ್ತವೆ. ಗಾಡಿಯಲ್ಲಿ ಡ್ರಮ್ಮಿನ ವೇಗ ತಗ್ಗಿಸಬೇಕು: 60 ಸೆಂ.ಮೀ. ವ್ಯಾಸದ ಡ್ರಮ್ ಭತ್ತಕ್ಕೆ ನಿಮಿಷಕ್ಕೆ 700 ಸುತ್ತಿದರೆ ಕಡಲೆಗೆ 400 ಸಾಕು, ಇಲ್ಲದಿದ್ದರೆ ಗದ್ದೆಯಲ್ಲೇ ಬೇಳೆ ಮಾಡಿಕೊಂಡಂತೆ. ಜಾಲರಿಯ ಸಂದೂ ಅಗಲಿಸಬೇಕು. ಕೆಲವು ಗಾಡಿಗಳಲ್ಲಿ ವೇಗ ಇಳಿಸಲು ಬೇರೆ ಪುಲ್ಲಿ ಬೇಕು. ಅದು ಗಾಡಿಯ ಜತೆ ಬರುತ್ತದೆಯೇ ಎಂದು ಮುಂಗಡ ಕೊಡುವ ಮುಂಚೆ ಕೇಳಿ.

ಪ್ರಶ್ನೆ: ಪಂಜಾಬ್ ನಂಬರಿನ ಗಾಡಿಗೆ ಯಾವ ಕಾಗದ ಬೇಕು? ಸಹಾಯಧನ ಸಿಗುತ್ತದೆಯೇ?

ಉತ್ತರ: ಸಹಾಯಧನ ಹೊಸ ಯಂತ್ರಕ್ಕಷ್ಟೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಮಾರುವವರೂ ಬ್ಯಾಂಕೂ ಸಹಿ ಮಾಡಿದ ಫಾರಂ 35 ಪಡೆಯಿರಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ವರ್ಗಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು. ಎಂಜಿನ್, ಚಾಸಿ ನಂಬರುಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ. ಎಂಜಿನ್ ಬದಲಾಗಿದ್ದು ದಾಖಲಾಗಿರದಿದ್ದರೆ ಆ ತೊಡಕು ಬಿಡಿಸುವ ಹೊಣೆ ಮಾರುವವರದ್ದು. ಪೂರ್ತಿ ಹಣ ಅದಾದ ಮೇಲೆಯೇ ಕೊಡಿ.