ಕಾರವಾರಕ್ಕೆ ಸೈಕಲ್‌ನಲ್ಲಿ ಹೋಗ್ತೀರಾ? ಮೊದಲು ಹಲ್ಲು ಎಣಿಸಿ

ನೀವು ಕೇಳಿದ್ದು ಇಷ್ಟು. ವಯಸ್ಸು ಇಪ್ಪತ್ತೇಳು, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ, ಕಾರವಾರದ ತನಕ ಸೈಕಲ್ ತುಳಿಯುವ ಆಸೆ. ಮನೆಯಲ್ಲಿ ಕಾಲೇಜು ದಿನಗಳ ಒಂದು ಗೇರ್ ಸೈಕಲ್ ಇದೆ. ಅದು ಸಾಕಾ, ಇಲ್ಲ ಲಕ್ಷ ರೂಪಾಯಿಯದು ಕೊಳ್ಳಬೇಕಾ? ಹಳಬರೆಲ್ಲ ಯಾವ ಸೈಕಲ್, ಏನೇನು ಸಾಮಾನು ಇಟ್ಟುಕೊಂಡು ಹೋಗುತ್ತಿದ್ದರು?

ನಾನು ಹಳಬರ ಪೈಕಿ. ಶಿವಮೊಗ್ಗದವನು. 1986ರಿಂದ ಸೈಕಲ್‌ಗೆ ಗಂಟು ಕಟ್ಟಿಕೊಂಡು ಊರೂರು ಸುತ್ತಿದ್ದೇನೆ. ಈಗೀಗ ಮಂಡಿ ನನ್ನ ಮಾತು ಕೇಳುತ್ತಿಲ್ಲ, ಹಾಗಾಗಿ ಉದ್ದಕ್ಕೆ ಬರೆಯಲು ಪುರುಸೊತ್ತಿದೆ. ನಿಮ್ಮ ಪ್ರಶ್ನೆಗೆ ಉತ್ತರ: ಮನೆಯ ಸೈಕಲ್ ಬಹುಶಃ ಸಾಕು. ಆ 'ಬಹುಶಃ' ಯಾಕೆ ಅಂತ ಹೇಳಬೇಕಾದರೆ ಅಪ್ಪನ ಸೈಕಲ್‌ನಿಂದ ಶುರು ಮಾಡಬೇಕು.

ನಮ್ಮ ಮನೆಯಲ್ಲಿದ್ದದ್ದು ಕಪ್ಪು ಸೈಕಲ್. ಅಟ್ಲಾಸ್, ಹೀರೋ, ಹರ್ಕ್ಯುಲಿಸ್, ಹೆಸರು ಯಾವುದೇ ಇರಲಿ, ಆಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. 28 ಇಂಚಿನ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಸರಳಿನ ಬ್ರೇಕು. ಸ್ಪ್ರಿಂಗಿನ ಮೇಲೆ ಎಳೆದು ಕಟ್ಟಿದ ಚರ್ಮದ ಸೀಟು. ತೂಕ ಇಪ್ಪತ್ತು ಕೆಜಿ ಮೇಲೆ. ಮುಂದಿನ ಚಕ್ರಕ್ಕೆ, ಅಂದರೆ ಪೆಡಲಿನ ಹತ್ತಿರ ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ, 44 ಹಲ್ಲು. ಹಿಂದಿನ ಫ್ರೀವೀಲಿಗೆ, ಅಂದರೆ ಹಿಂದೆ ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ, 18. ಹೀಗಿದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಬಯಲು ರಸ್ತೆಯಲ್ಲಿ ಹಾಯಾಗಿರುತ್ತದೆ. ಏರು ಬಂತೋ, ಇಳಿದು ತಳ್ಳಬೇಕು, ಅಷ್ಟೇ. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ.

1986ರ ದಸರಾ ರಜೆಯಲ್ಲಿ ನಾನು, ನನ್ನ ಗೆಳೆಯ ಇಬ್ಬರೂ ಉಡುಪಿಗೆ ಹೊರಟೆವು. ಮನೆಯಲ್ಲಿ ತೀರ್ಥಹಳ್ಳಿ ಅಂತ ಮಾತ್ರ ಹೇಳಿದ್ದು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತುಂಗೆ ಪಕ್ಕದಲ್ಲೇ ರಸ್ತೆ. ಆಗುಂಬೆಗೆ ಸುಮಾರು 95 ಕಿಲೋಮೀಟರ್. ಬೆಳಗಿನ ಜಾವ ಹೊರಟವರು ಸಂಜೆ ಮುಟ್ಟಿದೆವು. ಸಾಮಾನು ಅಂದರೆ ಒಂದು ಗೋಣಿಚೀಲ, ಅದನ್ನು ಕ್ಯಾರಿಯರಿಗೆ ಬಿಗಿಯಲು ಹಳೇ ಟ್ಯೂಬ್ ಸೀಳಿದ ಪಟ್ಟಿ. ಒಳಗೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಅವಲಕ್ಕಿ, ಬೆಲ್ಲ. ಟ್ಯೂಬ್ ಪಟ್ಟಿ ಈಗಲೂ ನನ್ನ ಹತ್ತಿರ ಇದೆ. ಅದಕ್ಕಿಂತ ಒಳ್ಳೆಯ ಹಗ್ಗ ನಾನು ಕಂಡಿಲ್ಲ.

ಮಾರನೇ ದಿನ ಬೆಳಿಗ್ಗೆ ಜಿನುಗು ಮಳೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ಸರಳಿನ ಬ್ರೇಕಿನಲ್ಲಿ ರಬ್ಬರ್ ಕಟ್ಟೆ ರಿಮ್ಮಿನ ಒಳಮೈಗೆ ಉಜ್ಜಿ ಸೈಕಲ್ ನಿಲ್ಲಿಸಬೇಕು. ರಿಮ್ಮು ನುಣ್ಣಗೆ ಹೊಳೆಯುವ ಸ್ಟೀಲು. ಅದು ಒದ್ದೆಯಾದರೆ ರಬ್ಬರು ಸುಮ್ನೆ ಜಾರುತ್ತದೆ, ಹಿಡಿಯುವುದಿಲ್ಲ. ಇದು ನಮಗೆ ಗೊತ್ತಾಗಿದ್ದು ಮೊದಲನೇ ತಿರುವಿನಲ್ಲಿ, ಗೆಳೆಯ ಸೀದಾ ಚರಂಡಿಗೆ ಇಳಿದಾಗ. ಮೊಣಕೈ ತರಚಿತು, ಅಷ್ಟಕ್ಕೇ ಬಚಾವ್. ಉಳಿದ ತಿರುವುಗಳನ್ನು ಸೈಕಲ್ ಹಿಡಿದುಕೊಂಡು ನಡೆದೇ ಇಳಿದೆವು. ಎದುರಿಗೆ ಹತ್ತುತ್ತಿದ್ದ ಲಾರಿಯ ಕ್ಲೀನರ್ ತಲೆ ಹೊರಗೆ ಹಾಕಿ ಕೇಳಿದ: "ಏನ್ ಮಾರಾಯ, ಸೈಕಲ್ ನಿನ್ನನ್ನ ಇಳಿಸ್ತಿದ್ಯೋ, ನೀನು ಸೈಕಲನ್ನ ಇಳಿಸ್ತಿದ್ಯೋ?"

ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ ಮುಟ್ಟುವಾಗ ಕತ್ತಲು. ಡೈನಮೋ ಇತ್ತು. ಟೈರಿಗೆ ಉಜ್ಜಿ ತಿರುಗುವ ಸೀಸೆಯಂಥದ್ದು. ಮೆಲ್ಲಗೆ ಹೋದರೆ ದೀಪ ಮಿಣಮಿಣ, ಜೋರಾಗಿ ಹೋದರೆ ಬಲ್ಬೇ ಸುಟ್ಟು ಹೋಗುತ್ತಿತ್ತು. ನಮ್ಮದು ಎರಡನೇ ಥರ ಸತ್ತಿತು. ಮಠದಲ್ಲಿ ಊಟ, ಮಲ್ಪೆಯಲ್ಲಿ ಸಮುದ್ರ. ವಾಪಸ್ ಬಂದದ್ದು ಬಸ್ಸಿನಲ್ಲಿ. ಆಗ ಕೆಂಪು ಬಸ್ಸಿಗೆ ಹಿಂದೆ ಏಣಿ ಇರುತ್ತಿತ್ತು. ಸೈಕಲ್ ಮೇಲೆ ಹಾಕಿ, ಕಂಡಕ್ಟರ್ ಹತ್ತಿರ ಲಗೇಜ್ ಚೀಟಿ ಹರಿಸಿಕೊಂಡು, ಮನೆಗೆ ಬಂದು ಬೈಸಿಕೊಂಡೆವು.

ಆ ಸೈಕಲ್‌ನಲ್ಲಿ ಹತ್ತು ವರ್ಷ ಓಡಾಡಿದೆ. ಅದರ ದೊಡ್ಡ ಗುಣ ಅಂದರೆ ಯಾವ ಹಳ್ಳಿಯಲ್ಲಿ ಕೆಟ್ಟರೂ ರಿಪೇರಿ ಆಗುತ್ತಿತ್ತು. ಪೆಡಲಿನ ತೋಳನ್ನು ಹಿಡಿದಿಡುವ ಕಾಟರ್ ಪಿನ್ ಸಡಿಲವಾಗಿ ಪೆಡಲು ಟಕ್ ಟಕ್ ಅಂದರೆ ರಸ್ತೆ ಬದಿಯ ಕಲ್ಲೇ ಸುತ್ತಿಗೆ. ಒಂದೇ ಒಂದು ಸಲ ಮೋಸ ಹೋಗಿದ್ದೇನೆ. ಶಿರಾಳಕೊಪ್ಪದ ದಾರಿಯಲ್ಲಿ ಗಾಳಿ ಹೋಯಿತು. ಟ್ಯೂಬು ಬಿಚ್ಚಿ, ಹೊಂಡದ ನೀರಲ್ಲಿ ಅದ್ದಿ, ಒಂದು ಗಂಟೆ ಹುಡುಕಿದೆ. ತೂತೇ ಇಲ್ಲ! ಕೊನೆಗೆ ನೋಡಿದರೆ ವಾಲ್ ಟ್ಯೂಬ್ ಹರಿದಿತ್ತು. ಗಾಳಿ ಹಾಕುವ ಬಾಯಿಯೊಳಗೆ ಹೊಕ್ಕಿಸುವ ಆ ಕಡ್ಡಿ ಗಾತ್ರದ ರಬ್ಬರ್ ಕೊಳವೆ. ನಾಲ್ಕಾಣೆಯ ಸಾಮಾನು. ಅವತ್ತಿನಿಂದ ಅದರದ್ದೊಂದು ತುಂಡು ಜೇಬಿನಲ್ಲಿ ಇರುತ್ತಿತ್ತು.

ತೊಂಬತ್ತರ ದಶಕದಲ್ಲಿ ದಪ್ಪ ಟೈರಿನ ಗೇರ್ ಸೈಕಲ್ ಬಂತು. ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಇದ್ದದ್ದನ್ನೇ ಆಸೆಪಟ್ಟು ಕೊಂಡೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏರಿನಲ್ಲಿ ಎದ್ದು ತುಳಿದರೆ ಸೈಕಲ್ ಮುಂದೆ ಹೋಗುವ ಬದಲು ಮೇಲೆ ಕೆಳಗೆ ಕುಣಿಯುತ್ತಿತ್ತು. ನನ್ನ ಅರ್ಧ ಶಕ್ತಿ ಸ್ಪ್ರಿಂಗಿಗೆ ಹೋಯಿತು. ನಿಮ್ಮ ಕಾಲೇಜಿನ ಸೈಕಲ್‌ಗೆ ಹಿಂದೆ ಸ್ಪ್ರಿಂಗ್ ಇದ್ದರೆ ಮಾತ್ರ ನನ್ನ 'ಬಹುಶಃ' ವಾಪಸ್ ತಗೊಳ್ಳುತ್ತೇನೆ. ಅದಕ್ಕೆ ಕ್ಯಾರಿಯರ್ ಕೂಡ ಸರಿಯಾಗಿ ಕೂರುವುದಿಲ್ಲ.

2011ರಲ್ಲಿ ಕೈಗೆ ಬಂದದ್ದು ಸರ್ಲಿ ಲಾಂಗ್ ಹಾಲ್ ಟ್ರಕರ್. ಹೆಸರಿಗೆ ತಕ್ಕ ಹಾಗೆ ಲಾರಿಯಂಥ ಸೈಕಲ್. ವಿದೇಶಕ್ಕೆ ಹೊರಟಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ಉಕ್ಕಿನ ಫ್ರೇಮು, 26 ಇಂಚಿನ ಚಕ್ರ. ಹಿಂದಿನ ಪೈಪಿನ ಮೇಲೆ ಎರಡು ಸ್ಪೇರ್ ಕಡ್ಡಿ ಸಿಕ್ಕಿಸಿಡಲು ಜಾಗ ಮಾಡಿಕೊಟ್ಟಿದ್ದಾರೆ. ಅದನ್ನು ನೋಡಿದ ಕೂಡಲೇ ಇದನ್ನು ಮಾಡಿದವರು ಯಾರೋ ನಡುದಾರಿಯಲ್ಲಿ ಕೂತು ಅತ್ತವರೇ ಅನ್ನಿಸಿತು. ಭಾರ ಹೊತ್ತ ಸೈಕಲ್‌ನಲ್ಲಿ ಮುರಿಯುವುದು ಹಿಂದಿನ ಚಕ್ರದ ಕಡ್ಡಿ, ಅದೂ ಚೈನಿನ ಕಡೆಯದು. ಆ ಕಡೆ ಕಡ್ಡಿಗಳು ಜಾಸ್ತಿ ಬಿಗಿ ಇರುತ್ತವೆ. ಬೇಕಂತಲೇ ಮಾಡಿದ ಹಾಗೆ, ಹಲ್ಲಿನ ಚಕ್ರ ಬಿಚ್ಚದೆ ಹೊಸದು ಹಾಕಲು ಬರುವುದಿಲ್ಲ.

ಈಗ ಹಳೇ ಲೆಕ್ಕಕ್ಕೆ ಬನ್ನಿ. ಇದರಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 26 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಈ ಗೇರಿಗೆ ಹಾಕಿದರೆ ಪೆಡಲು ಒಂದು ಸುತ್ತಿಗೆ ಸೈಕಲ್ ಹೋಗುವುದು ಬರೀ ಒಂದೂವರೆ ಮೀಟರ್. ಅಪ್ಪನ ಸೈಕಲ್‌ನ ಮೂರನೇ ಒಂದು ಪಾಲಿಗೂ ಕಮ್ಮಿ. ನಡೆಯುವಷ್ಟೇ ವೇಗ, ಆದರೆ ಕೂತುಕೊಂಡೇ ಹತ್ತಬಹುದು. ಅದೇ ಆಗುಂಬೆಯನ್ನು ಈ ಸಲ ಕೆಳಗಿನಿಂದ ಮೇಲಕ್ಕೆ, ಒಂದು ಸಲವೂ ಕಾಲು ಊರದೆ ಹತ್ತಿದೆ. ಮೇಲೆ ಬಂದು ಟೀ ಕುಡಿದೆ. ನಲವತ್ತೈದು ದಾಟಿದ ಕಾಲು ಇಪ್ಪತ್ತರ ಕಾಲನ್ನು ಸೋಲಿಸಿತ್ತು. ಕಾಲಿನ ಹೆಚ್ಚುಗಾರಿಕೆ ಏನಿಲ್ಲ, ಹಲ್ಲಿನದು. ಅದಕ್ಕೇ ಅಂಗಡಿಯಲ್ಲಿ 'ಎಷ್ಟು ಗೇರು' ಅಂತ ಕೇಳಬೇಡಿ. ಇಪ್ಪತ್ತೇಳು ಗೇರಿದ್ದರೂ ಅತಿ ಸಣ್ಣ ಗೇರು ಎಷ್ಟು ಸಣ್ಣದು ಅಂತ ಕೇಳಿ. ರೇಸಿನ ಸೈಕಲ್ ಲಕ್ಷ ಕೊಟ್ಟರೂ ಭಾರ ಹೊತ್ತು ಘಟ್ಟ ಹತ್ತಲು ಸರಿಹೋಗುವುದಿಲ್ಲ. ಪೆಡಲಿನ ಹತ್ತಿರ ಮೂರು ಹಲ್ಲುಚಕ್ರ ಇರುವ ಹಳೇ ಎಂಟಿಬಿ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕ್, ಹತ್ತುತ್ತದೆ.

ಸೀಟಿನ ವಿಷಯ. ಮೆತ್ತಗಿರುವುದು ಒಳ್ಳೆಯದು ಅಂದುಕೊಳ್ಳಬೇಡಿ. ಮೊದಲ ಹತ್ತು ಕಿಲೋಮೀಟರ್ ಸುಖ, ಆಮೇಲೆ ಆ ಮೆತ್ತೆಯೇ ಎಲ್ಲೆಲ್ಲೋ ಒತ್ತುತ್ತದೆ. ಜೆಲ್ ಸೀಟು, ಅದರ ಮೇಲೆ ಇನ್ನೊಂದು ಕವರು, ಎಲ್ಲಾ ನೋಡಿ ಆಯಿತು. ಕೊನೆಗೆ ಬ್ರೂಕ್ಸ್ ಬಿ17 ತರಿಸಿದೆ. ಇಂಗ್ಲೆಂಡಿನ ಚರ್ಮದ ಸೀಟು. ಡಬ್ಬ ಬಿಚ್ಚಿ ನೋಡಿದಾಗ ನಗು ಬಂತು. ಸ್ಪ್ರಿಂಗ್ ಒಂದಿಲ್ಲ ಅನ್ನುವುದು ಬಿಟ್ಟರೆ ಅಪ್ಪನ ಸೈಕಲ್‌ನ ಸೀಟಿನ ಅಣ್ಣನ ಹಾಗಿತ್ತು! ಅಪ್ಪನ ಇಡೀ ಸೈಕಲ್‌ಗೆ ಕೊಟ್ಟದ್ದರ ಎಷ್ಟೋ ಪಟ್ಟು ದುಡ್ಡು ಒಂದು ಸೀಟಿಗೆ. ಆರಂಭದಲ್ಲಿ ಹಲಗೆ ಮೇಲೆ ಕೂತಂತೆ. ಐನೂರು ಕಿಲೋಮೀಟರ್ ಆದಮೇಲೆ ನನ್ನ ಅಳತೆಗೆ ಕುಳಿ ಬಿತ್ತು. ಮಳೆಗೆ ಮಾತ್ರ ನೆನೆಸಬಾರದು. ಅದರ ರೈನ್‌ಕೋಟ್ ಒಂದು ಪ್ಲಾಸ್ಟಿಕ್ ಚೀಲ.

ಬ್ಯಾಗಿಗೂ ನಾನು ಬಹಳ ದುಡ್ಡು ಹಾಕಲಿಲ್ಲ. ಜರ್ಮನಿಯ ಓರ್ಟ್‌ಲೀಬ್ ಚೀಲಗಳು ಒಳ್ಳೆಯವೇ, ಬಾಯಿ ಸುರುಳಿ ಸುತ್ತಿ ಮುಚ್ಚಿದರೆ ನೀರು ಇಳಿಯಲ್ಲ. ಆದರೆ ನಮ್ಮೂರಲ್ಲಿ ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ನಾನೇ ಎರಡು ಚೀಲ ಹೊಲಿಸಿದೆ. ಮೊದಲ ಸಲ ಎರಡು ತಪ್ಪು ಮಾಡಿದೆ. ಚೀಲವನ್ನು ಮುಂದಕ್ಕೆ ಕಟ್ಟಿದ್ದರಿಂದ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯುತ್ತಿತ್ತು. ಒಳಗೆ ಗಟ್ಟಿ ಹಲಗೆ ಇಲ್ಲದ್ದರಿಂದ ಚೀಲ ಬಾಗಿ ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಹಳೇ ಪ್ಲಾಸ್ಟಿಕ್ ಬಕೆಟ್ ಕತ್ತರಿಸಿ ಒಳಗೆ ಹಾಕಿಸಿದೆ, ನಾಲ್ಕು ಬೆರಳು ಹಿಂದಕ್ಕೆ ಸರಿಸಿದೆ. ಬಟ್ಟೆಗೆ ಒಳಗೆ ಇನ್ನೊಂದು ಗೊಬ್ಬರದ ಚೀಲ, ಚೆನ್ನಾಗಿ ತೊಳೆದದ್ದು. ದೇವಿಮನೆ ಘಾಟಿಯ ಜುಲೈ ಮಳೆಯಲ್ಲೂ ಬಟ್ಟೆ ಒಣಗೇ ಇತ್ತು.

ಆದರೆ ಒಳ್ಳೆಯ ಸೈಕಲ್ ಇದ್ದರೆ ಕಷ್ಟವೇ ಇಲ್ಲ ಅಂತಲ್ಲ. 2012ರ ಜನವರಿ, ಹೊಸಪೇಟೆಯಿಂದ ಬಾದಾಮಿ ಕಡೆ. ರಸ್ತೆ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ. ಕುಷ್ಟಗಿ ಹತ್ತಿರ ಊಟಕ್ಕೆ ಅಂತ ಸೈಕಲ್ ರಸ್ತೆಯಿಂದ ಕೆಳಗೆ ಇಳಿಸಿದೆ, ಅಷ್ಟೇ. ಐದು ತೂತು! ಮುಳ್ಳು ಟೈರಿನ ಒಳಗೇ ಮುರಿದು ಕೂತಿರುತ್ತದೆ, ಪ್ಯಾಚ್ ಹಾಕಿ ಗಾಳಿ ತುಂಬಿದರೆ ಮತ್ತೆ ಚುಚ್ಚುತ್ತದೆ. ಟೈರಿನ ಒಳಗೆ ಹತ್ತಿ ಆಡಿಸಬೇಕು, ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಇಷ್ಟೆಲ್ಲ ಆಗುವಾಗ ನನ್ನ ಪಂಪಿನ ವಾಷರ್ ಕೈಕೊಟ್ಟಿತು. ಪಂಚರ್ ಅಂಗಡಿಗೆ ತಳ್ಳಿಕೊಂಡು ಹೋದರೆ ಅವರ ಪೈಪು ನನ್ನ ವಾಲ್ವಿಗೆ ಕೂರಲ್ಲ. ನನ್ನದು ಪ್ರೆಸ್ಟಾ, ಸಣ್ಣ ಬಾಯಿಯದು. ಅಂಗಡಿಯ ಯಜಮಾನರು ಕೂತು ನೋಡಿದರು. "ಅಲ್ರೀ ಸರ, ಇಷ್ಟ ದೊಡ್ಡ ಸೈಕಲ್ ತಗೊಂಡೀರಿ, ಗಾಳಿ ಹಾಕೂ ಬಾಯಿ ಇಷ್ಟ ಸಣ್ಣದೈತಲ್ರೀ!" ಹತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಕೊನೆಗೆ ಅವರೇ ನನ್ನ ಪಂಪ್ ಬಿಚ್ಚಿ, ಹಳೇ ಚಪ್ಪಲಿಯ ಚರ್ಮ ದುಂಡಗೆ ಕತ್ತರಿಸಿ, ಎಣ್ಣೆ ಸವರಿ ವಾಷರ್ ಮಾಡಿದರು. ದುಡ್ಡು ತಗೊಳ್ಳಲಿಲ್ಲ. ಪಕ್ಕದ ಖಾನಾವಳಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ ಕಳಿಸಿದರು. ಊರಿಗೆ ಬಂದು ಮಾಡಿದ ಮೊದಲ ಕೆಲಸ, ರಿಮ್ಮಿನ ತೂತನ್ನು ಎಂಟೂವರೆ ಮಿಲಿಮೀಟರ್‌ಗೆ ಕೊರೆಸಿ ಬೈಕಿನಂಥ ದಪ್ಪ ವಾಲ್ವಿನ ಟ್ಯೂಬ್ ಹಾಕಿದ್ದು. ಈಗ ಯಾವ ಬಂಕಿನಲ್ಲಾದರೂ ಗಾಳಿ ಹಾಕಿಸಬಹುದು.

ಮನಾಲಿಯಿಂದ ಲೇಹ್‌ಗೂ ಒಮ್ಮೆ ಹೋಗಿದ್ದೇನೆ, 2014ರಲ್ಲಿ. ದಾರಿಯಲ್ಲಿ ದಾಟಬೇಕಾದ ತಂಗ್ಲಂಗ್ ಲಾ ಕಣಿವೆದಾರಿ 5,328 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಅರ್ಧ. ಎಲ್ಲರೂ ಅದರ ಬಗ್ಗೆಯೇ ಕೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ನೆನಪಾಗುವುದು ಸಿಗಂದೂರಿನ ಲಾಂಚು. ಸಾಗರದಿಂದ ಅಂಬಾರಗೋಡ್ಲು ತನಕ ತುಳಿದು, ಲಾಂಚ್ ಆಚೆ ದಡದಲ್ಲಿದ್ದರೆ ಮರದ ಕೆಳಗೆ ಮಲಗುವುದು. ಎಷ್ಟು ಅವಸರ ಇದ್ದರೂ ಕಾಯಲೇಬೇಕು. ಬಸ್ಸು, ಜೀಪು, ಎಮ್ಮೆ ನಡುವೆ ಸೈಕಲ್ ನಿಲ್ಲಿಸಿಕೊಂಡು ಶರಾವತಿ ಹಿನ್ನೀರು ದಾಟುವುದು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಆ ಕಡೆಯ ಜನರಿಗೆ ಎಷ್ಟೋ ವರ್ಷದ ಕಷ್ಟ ತಪ್ಪಿತು, ಒಳ್ಳೆಯದೇ. ನಾನು ಸೈಕಲ್‌ನಲ್ಲಿ ಹತ್ತು ನಿಮಿಷಕ್ಕೂ ಮೊದಲೇ ಆಚೆ ದಡದಲ್ಲಿದ್ದೆ. ನಿದ್ದೆ ಮಾಡಲು ನೆಪ ಇಲ್ಲದಂತಾಯಿತು.

ಇನ್ನು ನಿಮ್ಮ ಕಾರವಾರ. ತುಮಕೂರು, ಅರಸೀಕೆರೆ, ಶಿವಮೊಗ್ಗ, ಸಾಗರ, ಹೊನ್ನಾವರದಲ್ಲಿ ಒಂದೊಂದು ರಾತ್ರಿ ಉಳಿದರೆ ಆರನೇ ದಿನ ಕಾರವಾರ. ಒಂದು ವಿಷಯ ಗಮನಿಸಿ. ನೀವು ಹೋಗುವ ದಿಕ್ಕಿಗೆ ಘಟ್ಟ ಇಳಿಜಾರು. ಮಾವಿನಗುಂಡಿಯಿಂದ ಗೇರುಸೊಪ್ಪಕ್ಕೆ ಇಳಿಯುವಾಗ ಬೇಕಾಗುವುದು ಗೇರಲ್ಲ, ಬ್ರೇಕು. ಹೊರಡುವ ಮೊದಲು ಬ್ರೇಕ್ ಕಟ್ಟೆ, ಕೇಬಲ್ ಹೊಸದು ಹಾಕಿಸಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಹೋಗಿ. ಆಷಾಢದಲ್ಲಿ ಪಶ್ಚಿಮಕ್ಕೆ ತುಳಿಯುವುದು ಅಂದರೆ ಅರಸೀಕೆರೆ ಬಯಲಿನಲ್ಲಿ ದಿನವಿಡೀ ಗಾಳಿಗೆ ಎದೆ ಕೊಡುವುದು. ವಾಪಸ್ ಬರಲು ರೈಲಿದೆ, ಸೈಕಲನ್ನು ಲಗೇಜಿಗೆ ಬುಕ್ ಮಾಡಬಹುದು. ಪೆಡಲು ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೇರಿನ ಕಡೆ ರಟ್ಟು ಸುತ್ತಿ ಕೊಡಿ.

ದುಡ್ಡು ಮಿಕ್ಕರೆ ಒಳ್ಳೆಯ ಟೈರು ಹಾಕಿಸಿ, ಸೀಟು ಬದಲಿಸಿ. ಎರಡು ಟ್ಯೂಬ್, ಪಂಪು, ಪ್ಯಾಚು, ಉಪ್ಪುಕಾಗದ, ಚೈನ್ ಬಿಚ್ಚುವ ಟೂಲು, ಒಂದು ಹಿಡಿ ಹತ್ತಿ ಇರಲಿ. ಬಿಸಿಲಲ್ಲಿ ಬರೀ ನೀರು ಕುಡಿಯಬೇಡಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಅಡುಗೆ ಒಲೆ, ಟೆಂಟು ಬೇಡ. ಈ ದಾರಿಯಲ್ಲಿ ನೀವು ಉಪವಾಸ ಬೀಳುವ ಸಾಧ್ಯತೆ ಇಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಸೈಕಲ್ ಧೂಳು ಒರೆಸಿ, ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು, ಹಿಂದಿನ ಅತಿ ದೊಡ್ಡದರ ಹಲ್ಲು, ಎರಡನ್ನೂ ಎಣಿಸಿ. ವಾಲ್ವ್ ದಪ್ಪದ್ದೋ ಸಣ್ಣದ್ದೋ ನೋಡಿ. ಎಷ್ಟು ಅಂತ ಕೆಳಗೆ ಬರೆಯಿರಿ. ಆ 'ಬಹುಶಃ' ತೆಗೆದು ಹೇಳುತ್ತೇನೆ.