ತಮ್ಮನನ್ನು ತಳ್ಳಿದ ಆ ಹುಡುಗಿ

ಪ್ರಶ್ನೆ: ನನಗೀಗ 41. ಅಪ್ಪ ತೆಗೆದಿದ್ದ ಹಳೇ ವಿಡಿಯೋ ಕ್ಯಾಸೆಟ್‌ಗಳನ್ನು ನನ್ನ ತಮ್ಮ ಪೆನ್‌ಡ್ರೈವ್‌ಗೆ ಹಾಕಿಸಿ ತಂದುಕೊಟ್ಟ. ಒಂದರಲ್ಲಿ ಎಂಟು ವರ್ಷದ ನಾನು ಅವನನ್ನು ಪಕ್ಕಕ್ಕೆ ತಳ್ಳಿ, ‘ನನ್ನನ್ನ ತೆಗಿ, ನನ್ನನ್ನ ತೆಗಿ’ ಅಂತ ಕಿರುಚುತ್ತೇನೆ. ಅವನು ಬಿದ್ದು ಅಳುತ್ತಾನೆ. ನಾನು ತಿರುಗಿಯೂ ನೋಡುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬಲು ಮೆತ್ತನೆಯ ಹುಡುಗಿ ಅಂತಲೇ ನಂಬಿದ್ದೆ. ಈಗ ಅವಳನ್ನು ಕಂಡರೆ ಮೈ ಉರಿಯುತ್ತದೆ. ಆ ತುಣುಕನ್ನು ಅಳಿಸಿಬಿಡಲೇ?

ಉತ್ತರ: ಬೇಡಮ್ಮ, ಅಳಿಸಬೇಡಿ.

ನನ್ನದೂ ಒಂದು ಕ್ಯಾಸೆಟ್ ಇದೆ. ಆಗ ನನಗೆ ಆರು ವರ್ಷ. ಜಾರುವ ಚಡ್ಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಪದ್ಯ ಹೇಳುತ್ತಿದ್ದೇನೆ. ಮೂರನೇ ಸಾಲಿಗೆ ಮರೆತುಹೋಗುತ್ತದೆ. ಆಗ ಎಲ್ಲರೂ ಗೊಳ್ಳೆಂದು ನಕ್ಕರು, ನಾನು ಓಡಿಹೋದೆ ಅನ್ನುವುದು ಎಷ್ಟೋ ವರ್ಷದಿಂದ ನಾನು ಹೇಳಿಕೊಂಡು ಬಂದ ಕಥೆ. ಮೈಕ್ ಮುಂದೆ ನಿಲ್ಲಲು ಯಾಕೆ ಹೆದರುತ್ತೀಯ ಅಂದರೆ ಇದನ್ನೇ ಮುಂದಿಡುತ್ತಿದ್ದೆ. ಟೇಪಿನಲ್ಲಿ ನೋಡಿದರೆ ಒಬ್ಬರೂ ನಗುವುದಿಲ್ಲ. ಕ್ಯಾಮೆರಾ ಹಿಂದಿನಿಂದ ಅಮ್ಮ ಮೆಲ್ಲಗೆ ಮುಂದಿನ ಸಾಲು ಹೇಳಿಕೊಡುತ್ತಾಳೆ. ನಾನು ಮೂಗು ಒರೆಸಿಕೊಂಡು ಪದ್ಯ ಮುಗಿಸುತ್ತೇನೆ! ಆ ನಗು ಎಲ್ಲಿಂದ ಬಂತೋ. ನೆನೆದಾಗಲೆಲ್ಲ ಮನಸ್ಸು ನೆನಪನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಸುಮ್ನೆ ಒಂದಿಷ್ಟು ಸೇರಿಸಿಯೂ ಬಿಡುತ್ತದೆ. ನಿಮ್ಮ ಮೆತ್ತನೆಯ ಹುಡುಗಿಯೂ ಹಾಗೆ ಹುಟ್ಟಿದವಳಿರಬಹುದು.

ಹಾಗಂತ ವಿಡಿಯೋವನ್ನೂ ಪೂರ್ತಿ ನಂಬಬೇಡಿ. ಆ ಕಾಲದ ಕ್ಯಾಮೆರಾ ಭಾರ, ಟೇಪು ದುಬಾರಿ. ಮನೆ ತುಂಬ ಜನ ಸೇರಿ, ಮಕ್ಕಳು ನಿದ್ದೆಗೆಟ್ಟು, ಎಲ್ಲರ ಮುದ್ದೂ ಚಿಕ್ಕವನಿಗೇ ಹೋಗುವ ದಿನವೇ ಅದು ಹೊರಬರುತ್ತಿತ್ತು. ಅಂಥ ದಿನ ಅಕ್ಕ ತಳ್ಳದಿದ್ದರೇ ಅಚ್ಚರಿ, ಅಲ್ವಾ?

ಇನ್ನೊಂದು ಮಾತು. ಅವಳು ನೇರ ನಿಮ್ಮನ್ನೇ ನೋಡಿದ ಹಾಗೆ ಅನಿಸಿರಬೇಕು. ಅವಳ ಕಣ್ಣಿದ್ದದ್ದು ಕ್ಯಾಮೆರಾ ಹಿಡಿದ ಅಪ್ಪನ ಮೇಲೆ. ಒಮ್ಮೆ ಟಿವಿಗೆ ಬೆನ್ನು ಮಾಡಿ ಕೂತು ಬರೀ ದನಿ ಕೇಳಿ. ತಮ್ಮ ಬಿದ್ದಾಗ ಅಪ್ಪ ಏನಂದರು? ಗದರಿದರಾ, ನಕ್ಕರಾ, ಸುಮ್ಮನೆ ತೆಗೆಯುತ್ತಲೇ ಇದ್ದರಾ? ನಿಮ್ಮ ಪತ್ರದಲ್ಲಿ ಅಪ್ಪನ ದನಿಯ ಸುದ್ದಿಯೇ ಇಲ್ಲ.

ಉಳಿದವನ್ನು ನೋಡುವ ಮುಂಚೆ, ಆ ದಿನಗಳ ಬಗ್ಗೆ ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಜಾಸ್ತಿ ಸಲ ನೋಡಿದರೆ ವಿಡಿಯೋದ ಚಿತ್ರವೇ ನೆನಪಿನ ಜಾಗದಲ್ಲಿ ಕೂತುಬಿಡಬಹುದು. ನಿಮಗೆ ಮೂರು ವರ್ಷ ತುಂಬುವ ಮೊದಲಿನ ಕ್ಯಾಸೆಟ್ ಇದ್ದರೆ ಹಾಳೆ ಖಾಲಿ ಉಳಿದೀತು. ಅಷ್ಟು ಹಿಂದಿನದು ಹೆಚ್ಚಿನವರಿಗೆ ನೆನಪಿರುವುದೇ ಇಲ್ಲ.

ಪೆನ್‌ಡ್ರೈವ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಇನ್ನೊಂದು ಕಾಪಿ ಮಾಡಿಡಿ. ಟೇಪು ವರ್ಷ ಕಳೆದಂತೆ ಕೆಡುತ್ತದೆ. ಆ ಕ್ಯಾಸೆಟ್ ಓಡಿಸುವ ಯಂತ್ರ ವಿಸಿಆರ್. ಅದನ್ನು ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಮತ್ತೆ ಹಾಕಿಸುತ್ತೇನೆ ಅಂದರೆ ಸುಲಭವಲ್ಲ.

ಅಂದಹಾಗೆ, ಬಿದ್ದವನು ನಿಮ್ಮ ತಮ್ಮ. ಅಕ್ಕನಿಗೆ ಅಂತ ತಂದುಕೊಟ್ಟವನೂ ಅವನೇ. ಆ ತುಣುಕನ್ನು ಅವನ ಜೊತೆ ಕೂತು ನೋಡಿದಿರಾ?