ಐದೂ ಜನ ಬಾಲ್ ಹಿಂದೆ ಓಡಿದರೆ ಅದು ಪ್ರೆಸ್ಸಿಂಗಾ?

ಪ್ರಶ್ನೆ: ನಾನು ಮದ್ದೂರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಐದೈದು ಜನರ ಫುಟ್‌ಬಾಲ್ ಆಡಿಸುತ್ತೇನೆ. ಟೀವಿಯಲ್ಲಿ ದೊಡ್ಡ ಟೀಮುಗಳನ್ನು ನೋಡಿ ನಮ್ಮ ಮಕ್ಕಳಿಗೂ ‘ಪ್ರೆಸ್ ಮಾಡ್ರೋ’ ಅಂದೆ, ಅಂದರೆ ಎದುರಾಳಿಗೆ ಪುರುಸೊತ್ತು ಕೊಡದೆ ಮೈಮೇಲೆ ಹೋಗಿ ಬಾಲ್ ಕಿತ್ತುಕೊಳ್ಳಿ ಅಂತ. ಐದೂ ಜನ ಬಾಲ್ ಹಿಂದೆ ಓಡುತ್ತಾರೆ, ಆ ಕಡೆಯವರು ಒಂದು ಪಾಸ್ ಕೊಟ್ಟು ಗೋಲ್ ಹೊಡೆದುಬಿಡುತ್ತಾರೆ. ಹತ್ತು ನಿಮಿಷಕ್ಕೆಲ್ಲ ಮಕ್ಕಳು ಸುಸ್ತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೇಷ್ಟ್ರೇ, ಮೊದಲು ಒಂದು ಮಾತು. ಬಾಲ್ ನನಗೆ ಬೇಕು ಅಂತ ಓಡುವ ಮಕ್ಕಳು ನಿಮ್ಮ ಹತ್ತಿರ ಇದ್ದಾರೆ. ಬೈದು ಅದನ್ನು ನಿಲ್ಲಿಸಬೇಡಿ. ಆ ಹಸಿವು ಒಮ್ಮೆ ಹೋದರೆ ಆಮೇಲೆ ಹೇಳಿಕೊಟ್ಟು ತರಿಸೋಕೆ ಆಗಲ್ಲ. ಅವರಿಗೆ ಗೊತ್ತಿಲ್ಲದಿರುವುದು ಯಾವಾಗ ಓಡಬೇಕು, ಯಾವ ಕಡೆಯಿಂದ ಹೋಗಬೇಕು, ಒಬ್ಬ ಹೋದಾಗ ಉಳಿದವರು ಎಲ್ಲಿರಬೇಕು ಅನ್ನೋದು ಅಷ್ಟೇ.

ನಿಮ್ಮ ಕಡೆ ಮಕ್ಕಳಿಗೆ ಕಬಡ್ಡಿ ಚೆನ್ನಾಗಿ ಗೊತ್ತಲ್ವಾ, ಅಲ್ಲಿಂದಲೇ ಶುರು ಮಾಡಿ. ರೈಡರ್ ಒಳಗೆ ಬಂದ ತಕ್ಷಣ ಏಳೂ ಜನ ಅವನ ಮೇಲೆ ಬೀಳುತ್ತಾರಾ? ಇಲ್ಲ, ಕಾಯುತ್ತಾರೆ. ಅವನು ಮೂಲೆಗೆ ಹೋಗಿ ಕಾಲು ಚಾಚಿದ, ಮೈ ವಾಲಿತು, ಆಗ ಕಾರ್ನರ್‌ನವನು ಕಾಲಿಗೆ ಬೀಳುತ್ತಾನೆ, ಪಕ್ಕದವರು ಅವನು ಗೆರೆ ಕಡೆ ವಾಪಸ್ ಹೋಗುವ ದಾರಿ ಮುಚ್ಚುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಒಬ್ಬನೇ ನುಗ್ಗಿದರೆ ಪಾಯಿಂಟ್ ಹೋಯಿತು. ಪ್ರೆಸ್ಸಿಂಗ್ ಕೂಡ ಹೀಗೇ.

ಯಾವಾಗ ನುಗ್ಗಬೇಕು ಅನ್ನೋದಕ್ಕೆ ಕೆಲವು ಗುರುತುಗಳಿವೆ. ಎದುರಾಳಿಯ ಮೊದಲ ಟಚ್ ಕೆಟ್ಟು ಬಾಲ್ ಕಾಲಿಂದ ದೂರ ಹೋದಾಗ, ಅವನು ನಮಗೆ ಬೆನ್ನು ಮಾಡಿಕೊಂಡು ಬಾಲ್ ತಗೊಂಡಾಗ, ಹಿಂದಕ್ಕೆ ಮೆತ್ತಗೆ ಪಾಸ್ ಕೊಟ್ಟಾಗ, ಬಾಲ್ ಸೈಡ್ ಲೈನ್ ಪಕ್ಕಕ್ಕೆ ಹೋದಾಗ. ಇಷ್ಟನ್ನೂ ಒಂದೇ ದಿನ ಹೇಳಬೇಡಿ. ಎರಡು ವಾರ ಬರೀ ‘ಟಚ್ ಕೆಟ್ಟರೆ ಓಡು’ ಅನ್ನಿ, ಸಾಕು. ನಮ್ಮ ಕಲ್ಲುಮಣ್ಣಿನ ಮೈದಾನದಲ್ಲಿ ಬಾಲ್ ಎಗರಿ ಎಗರಿ ಬರುತ್ತೆ, ಹಾಗಾಗಿ ಈ ಅವಕಾಶ ಬೇಕಾದಷ್ಟು ಸಿಗುತ್ತೆ.

ಇನ್ನು ಹೋಗುವ ದಾರಿ. ಹಗ್ಗ ಕಿತ್ತುಕೊಂಡ ಕರುವಿನ ಎದುರಿಗೆ ನೇರ ಓಡಿದರೆ ಅದು ಎಡಕ್ಕೋ ಬಲಕ್ಕೋ ಹಾರಿ ಹೋಗುತ್ತೆ, ಸುತ್ತು ಹಾಕಿ ಬಂದು ಬೇಲಿ ಕಡೆ ಒತ್ತಿದರೆ ಕೈಗೆ ಸಿಗುತ್ತೆ. ಹೋದ ಬೇಸಿಗೆಯಲ್ಲಿ ಮೈಸೂರಿನ ಒಂದು ಮೈದಾನದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಇದನ್ನು ಕಲಿತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ಸಲ ನೇರ ನುಗ್ಗಿದಳು, ಮೂರು ಸಲವೂ ಎದುರು ಟೀಮಿನ ಹುಡುಗ ಬಾಲನ್ನು ಸುಮ್ನೆ ಪಕ್ಕಕ್ಕೆ ತಳ್ಳಿ ದಾಟಿಹೋದ, ಇವಳಿಗೆ ಓಟ ನಿಲ್ಲಿಸೋಕೇ ಆಗಲಿಲ್ಲ. ನಾನು ಹೇಳಿದ್ದು ಇಷ್ಟೇ: ‘ಬೇಗ ಹೋಗು, ಕೊನೆ ಮೂರು ಹೆಜ್ಜೆ ಸಣ್ಣದಾಗಿ ಇಡು, ಅವನನ್ನು ಸೈಡ್ ಗೆರೆ ಕಡೆ ಕಳಿಸು.’ ನಾಲ್ಕನೇ ಸಲ ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಒಳಗಿನಿಂದ ಬಂದಳು, ಮೊಣಕಾಲು ಸ್ವಲ್ಪ ಬಗ್ಗಿಸಿ ಓರೆಯಾಗಿ ನಿಂತಳು, ಕಾಲು ಹಾಕಲಿಲ್ಲ. ನಡುವಿನ ಪಾಸ್ ಅವಳ ಬೆನ್ನ ಹಿಂದೆ ಮುಚ್ಚಿಹೋಗಿತ್ತು. ಹುಡುಗ ಒಂದು ಕ್ಷಣ ತಲೆ ಎತ್ತಿ ನೋಡಿದ, ಬೇರೆ ದಾರಿ ಕಾಣದೆ ಗೆರೆ ಪಕ್ಕ ಬಾಲ್ ತಳ್ಳಿದ, ಅಲ್ಲಿ ಕಾದಿದ್ದ ಇವಳ ಗೆಳತಿ ಅದನ್ನು ಕಾಲಲ್ಲೇ ತಗೊಂಡು ಹೋದಳು. ಬಾಲ್ ಮುಟ್ಟದೆಯೇ ಬಾಲ್ ಕಿತ್ತಿದ್ದು ಆ ಹುಡುಗಿ. ಅವಳಿಗೂ ಅದು ಗೊತ್ತಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು.

ಉಳಿದವರ ವಿಷಯ: ಕೀಪರ್ ಬಿಟ್ಟರೆ ನಾಲ್ವರು. ಒಬ್ಬ ಬಾಲ್ ಮೇಲೆ ಹೋದರೆ ಎರಡನೆಯವನು ನಾಲ್ಕೈದು ಹೆಜ್ಜೆ ಹಿಂದೆ ಓರೆಯಾಗಿ, ಮೂರನೆಯವನು ಹತ್ತಿರದ ಪಾಸಿಗೆ ಅಡ್ಡ, ನಾಲ್ಕನೆಯವನು ಗೋಲಿನ ಮುಂದೆ ನಡುವೆ. ಆ ತುದಿಯಲ್ಲಿ ದೂರ ಇರುವ ಎದುರಾಳಿಯನ್ನು ಬಿಟ್ಟುಬಿಡಿ. ಮೈಮೇಲೆ ಯಾರೋ ಬರುತ್ತಿರುವಾಗ ಹನ್ನೆರಡು ವರ್ಷದ ಮಗು ಅಷ್ಟು ದೂರ ಪಾಸ್ ಕೊಡುವುದು ಕಷ್ಟ. ಒಂದೊಂದು ಸಲ ಕೊಟ್ಟು ಗೋಲಾದರೆ ಆಗಲಿ, ಚಪ್ಪಾಳೆ ಹೊಡೆಯಿರಿ.

ಸುಸ್ತಿನ ಬಗ್ಗೆ ಕೇಳಿದ್ದೀರಿ. 2008ರಿಂದ 2012ರವರೆಗಿನ ಕೋಚ್ ಗ್ವಾರ್ಡಿಯೋಲಾ ಅವರ ಬಾರ್ಸಿಲೋನಾ ಟೀಮಿನ ಐದು ಸೆಕೆಂಡಿನ ರೂಲ್ ಕೇಳಿರುತ್ತೀರಿ. ಬಾಲ್ ಕಳೆದ ತಕ್ಷಣ ಐದು ಸೆಕೆಂಡು ಮೈಮೇಲೆ ಬಿದ್ದು ಹೋರಾಟ, ಸಿಗಲಿಲ್ಲವಾ, ಎಲ್ಲರೂ ಹಿಂದಕ್ಕೆ ಹೋಗಿ ಸಾಲು ಕಟ್ಟಿಕೊಂಡು ನಿಲ್ಲುವುದು. ಟೀವಿ ಕ್ಯಾಮೆರಾ ಬಾಲ್ ಹಿಂದೆಯೇ ಹೋಗುವುದರಿಂದ ಈ ಎರಡನೇ ಅರ್ಧ ನಮಗೆ ಸರಿಯಾಗಿ ಕಾಣಲ್ಲ. ನಿಮ್ಮ ಮಕ್ಕಳು ಮೊದಲರ್ಧ ಮಾತ್ರ ಮಾಡುತ್ತಿದ್ದಾರೆ, ಅದಕ್ಕೇ ಸುಸ್ತು. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ನಾಲ್ಕಕ್ಕೆ ನಾಲ್ಕು ಆಡಿಸಿ. 3 ನಿಮಿಷ ಆಟ, 2 ನಿಮಿಷ ವಿರಾಮ. ಬಾಲ್ ಕಳೆದ ಐದು ಸೆಕೆಂಡಿನೊಳಗೆ ವಾಪಸ್ ಕಿತ್ತುಕೊಂಡು ಗೋಲ್ ಹೊಡೆದರೆ ಎರಡು ಗೋಲ್ ಅಂತ ಲೆಕ್ಕ ಹಾಕಿ. ಸೆಕೆಂಡುಗಳನ್ನು ಹೊರಗೆ ಕೂತ ಮಕ್ಕಳೇ ಗಟ್ಟಿಯಾಗಿ ಎಣಿಸಲಿ. ನೀವು ಜಾಸ್ತಿ ಕೂಗಬೇಡಿ.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಒಂಬತ್ತು ವರ್ಷ. ಏಳೇಳು ಜನರ ಮ್ಯಾಚ್‌ನಲ್ಲಿ ಆ ಕಡೆಯವರ ಗೋಲ್ ಕಿಕ್ (ಗೋಲಿನ ಮುಂದಿನಿಂದ ಬಾಲ್ ಹೊಡೆದು ಮತ್ತೆ ಆಟ ಶುರು ಮಾಡುವುದು) ಬಂದಾಗಲೆಲ್ಲ ಅವನ ಕೋಚ್ ಮೂರು ಮಕ್ಕಳನ್ನು ಅವರ ಗೋಲಿನ ಮುಂದೆಯೇ ನಿಲ್ಲಿಸುತ್ತಾರೆ. ಒಂಬತ್ತು ಗೋಲಿನಿಂದ ಗೆದ್ದರು. ಆ ಕೀಪರ್ ಮಗು ಅಳುತ್ತಿತ್ತು. ಇದು ಸರೀನಾ?

ಉತ್ತರ: ಸರಿಯಲ್ಲ ಮೇಡಂ. ಆ ವಯಸ್ಸಿನ ಮಗುವಿಗೆ ಎದುರು ನಿಂತವರನ್ನು ದಾಟಿಸಿ ಬಾಲನ್ನು ದೂರ ಹೊಡೆಯುವ ಶಕ್ತಿ ಕಾಲಿಗೆ ಬಂದಿರಲ್ಲ. ಇದೇ ಕಾರಣಕ್ಕೆ ಅಮೆರಿಕದಲ್ಲಿ 9, 10 ವರ್ಷದವರ ಏಳೇಳು ಜನರ ಆಟದಲ್ಲಿ ಮೈದಾನಕ್ಕೆ ಇನ್ನೊಂದು ಗೆರೆ ಎಳೆಯುತ್ತಾರೆ. ಗೋಲ್ ಕಿಕ್ ಆಗುವವರೆಗೆ ಎದುರಾಳಿಗಳು ಆ ಗೆರೆಯ ಹಿಂದೆ ಇರಬೇಕು. ನಿಮ್ಮ ಮಗನಿಗೂ ಇದರಿಂದ ನಷ್ಟವೇ. ಅವನು ಪ್ರೆಸ್ಸಿಂಗ್ ಕಲಿಯುತ್ತಿಲ್ಲ, ಕಾಲಿಗೆ ತಾನಾಗಿ ಬಂದ ಬಾಲನ್ನು ಒಳಗೆ ತಳ್ಳುತ್ತಿದ್ದಾನೆ ಅಷ್ಟೇ. ಮ್ಯಾಚ್ ದಿನ ಬೇಡ, ಇನ್ನೊಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್ ಹತ್ತಿರ ನಿಧಾನವಾಗಿ ಮಾತಾಡಿ, ಆ ಗೆರೆಯ ವಿಷಯವನ್ನೂ ಹೇಳಿ.

ಪ್ರಶ್ನೆ: ಬರೀ ಆರು ಮಕ್ಕಳು ಬಂದರೆ ಏನು ಆಡಿಸುವುದು? (ಮಂಡ್ಯ)

ಉತ್ತರ: ಮೂರಕ್ಕೆ ಮೂರು. ಕೀಪರ್ ಬೇಡ. ಎರಡು ಹೆಜ್ಜೆ ಅಗಲಕ್ಕೆ ಚಪ್ಪಲಿ ಇಟ್ಟು ಗೋಲ್ ಮಾಡಿ. ಏಪ್ರಿಲ್, ಮೇ ತಿಂಗಳಾದರೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಪ್ರತಿ ವಿರಾಮದಲ್ಲೂ ನೀರು ಕುಡಿಸಿ.